ಮಾತು ಬೇಡದ ಹೋಟೆಲು

ಆ ಶುಕ್ರವಾರವೂ ನನಗೆ ಎಚ್ಚರವಾದದ್ದು ನೀರಿನ ಟ್ಯಾಂಕರಿನ ಸದ್ದಿಗೆ. ಮಸ್ಕತ್ತಿನ ರೂವಿಯ ನಮ್ಮ ಕಟ್ಟಡದ ಹಿಂದಿನ ಓಣಿಗೆ ಅದು ಹಿಮ್ಮುಖವಾಗಿ ಸರಿಯುತ್ತ ಬಂದು, ಪೈಪು ಮೇಲೇರಿ, ತಾರಸಿಯ ಟ್ಯಾಂಕಿಗೆ ನೀರು ಬೀಳತೊಡಗಿದರೆ ಮಲಗುವ ಕೋಣೆಯ ಗೋಡೆ ಸಣ್ಣಗೆ ನಡುಗುತ್ತಿತ್ತು. ಎದ್ದು ಏಸಿ ಆರಿಸಿದೆ. ಬಾಲ್ಕನಿಯಲ್ಲಿ ರಾತ್ರಿ ಬಂದು ಕೂತಿದ್ದ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹಾಲಿನಪುಡಿಯ ಡಬ್ಬದಲ್ಲಿ ನೆಟ್ಟಿದ್ದ ತುಳಸಿಗೆ ನೀರು ಹಾಕಿ, ಚಹಾಕ್ಕಿಟ್ಟೆ. ಮಕ್ಕಳಿಬ್ಬರೂ ಮುಸುಕು ಹೊದ್ದು ಮಲಗಿದ್ದರು. ಇವರು ಹಿಂದಿನ ದಿನದ ಪೇಪರನ್ನೇ ಮತ್ತೊಮ್ಮೆ ಮೊದಲಿನಿಂದ ಓದುತ್ತ ಕೂತಿದ್ದರು. ರಜೆಯ ದಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಮಾತು ತಡವಾಗಿಯೇ ಶುರುವಾಗುತ್ತಿತ್ತು.

ಬೇರೆ ಶುಕ್ರವಾರಗಳಲ್ಲಿ ಇಲ್ಲದ್ದು ಒಂದೇ. ಅಡುಗೆಮನೆಯ ನೆಲದ ಮೇಲೆ, ಫ್ರಿಜ್ಜಿನ ಪಕ್ಕದಲ್ಲಿ, ದೊಡ್ಡ ಪಾತ್ರೆ ತುಂಬ ಗೋಳಿಬಜೆಯ ಹಿಟ್ಟು ಇತ್ತು. ಇಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುವ ಲಬಾನ್ ಎಂಬ ಹುಳಿಮಜ್ಜಿಗೆ ಆ ಹಿಟ್ಟಿಗೆ ಬಹಳ ಚೆನ್ನಾಗಿ ಹೊಂದುತ್ತಿತ್ತು. ಊರಿನ ಮೊಸರಿಗಿಂತ ಒಂದು ಕೈ ಮೇಲೆಯೇ. ಮುಚ್ಚಳ ತೆಗೆದು ನೋಡಿದೆ. ಹಿಟ್ಟು ಉಬ್ಬಿ, ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ ಬಂದಿತ್ತು. ಸದ್ಯ, ಇದೊಂದು ಸರಿಯಾಯಿತು ಅಂದುಕೊಂಡೆ. ಆ ದಿನ ಅಣ್ಣನ ಹೋಟೆಲು ತೆರೆಯುವುದಿತ್ತು.

ಅಣ್ಣ ನನಗಿಂತ ತುಂಬ ದೊಡ್ಡವನು. ಅವನಿಗೆ ಮಾತು ತಡೆಯುತ್ತಿತ್ತು. ಮನೆಯೊಳಗೆ ತುಳುವಿನಲ್ಲಿ ಆಡುವಾಗ, ಅದರಲ್ಲೂ ನನ್ನೊಂದಿಗೆ ಆಡುವಾಗ, ಅಷ್ಟಾಗಿ ತಿಳಿಯುತ್ತಿರಲಿಲ್ಲ. ಹೊರಗಿನವರು ಎದುರು ನಿಂತು ಉತ್ತರಕ್ಕೆ ಕಾಯುತ್ತಿದ್ದರೆ ಮಾತ್ರ ಮೊದಲಕ್ಷರದಲ್ಲೇ ಸಿಕ್ಕಿಬೀಳುತ್ತಿದ್ದ. ಚಿಕ್ಕಂದಿನಲ್ಲಿ ಅಪ್ಪ ನಮ್ಮನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಕರೆದೊಯ್ದರೆ, ಮಾಣಿ ಮೇಜಿನ ಪಕ್ಕ ನಿಂತು ಇದ್ದಬದ್ದ ತಿಂಡಿಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿ ನಮ್ಮ ಮುಖ ನೋಡುತ್ತಿದ್ದ. ಅಣ್ಣನಿಗೆ ಬೇಕಿದ್ದದ್ದು ಗೋಳಿಬಜೆ. ಬಾಯಿಗೆ ಸಲೀಸಾಗಿ ಬರುತ್ತಿದ್ದದ್ದು ಅವಲಕ್ಕಿ. ಹಾಗಾಗಿ ಪ್ರತಿ ಸಲವೂ ಅವಲಕ್ಕಿಯನ್ನೇ ತಿನ್ನುತ್ತಿದ್ದ. ನನ್ನ ಮಗನಿಗೆ ಅವಲಕ್ಕಿ ಅಂದರೆ ಪ್ರಾಣ ಎಂದು ಅಮ್ಮ ಬಹಳ ವರ್ಷ ನೆರೆಹೊರೆಯವರಲ್ಲಿ ಹೇಳುತ್ತಿದ್ದಳು, ಹುಟ್ಟುಹಬ್ಬಕ್ಕೂ ಅದನ್ನೇ ಮಾಡುತ್ತಿದ್ದಳು. ನನಗೆ ಗೊತ್ತಿತ್ತು. ನನ್ನ ತಟ್ಟೆಯ ಗೋಳಿಬಜೆ ಒಂದನ್ನು ಅಪ್ಪನಿಗೆ ಕಾಣದ ಹಾಗೆ ಅವನ ಕಡೆಗೆ ದೂಡುತ್ತಿದ್ದೆ.

ಓದು ಮುಗಿಸದೆ ಅವನು ಸರಕು ಹಡಗಿನ ಅಡುಗೆಮನೆಗೆ ಸೇರಿಕೊಂಡ. ಅಲ್ಲಿ ಈರುಳ್ಳಿ, ಆಲೂಗಡ್ಡೆಗಳ ಜೊತೆ ಮಾತಾಡಬೇಕಾಗಿರಲಿಲ್ಲ. ಒಮ್ಮೆ ಹಡಗು ರಿಪೇರಿಗೆಂದು ನ್ಯೂಯಾರ್ಕಿನಲ್ಲಿ ಕೆಲವು ವಾರ ನಿಂತಿತು. ಆ ದಿನಗಳಲ್ಲೇ ಅವನು ಆ ಹೋಟೆಲನ್ನು ಕಂಡದ್ದು.

ಅವನು ಅದನ್ನು ನನಗೆ ವರ್ಣಿಸಿದ್ದು ಒಂದು ಸಲವಲ್ಲ. ಉದ್ದನೆಯ ಗೋಡೆ. ಗೋಡೆಯ ತುಂಬ ಸಣ್ಣ ಸಣ್ಣ ಗಾಜಿನ ಬಾಗಿಲುಗಳು, ಒಂದೊಂದರ ಹಿಂದೆ ಒಂದೊಂದು ತಟ್ಟೆ. ಒಂದರಲ್ಲಿ ಸೇಬಿನ ಕಡುಬಿನಂಥದ್ದು, ಒಂದರಲ್ಲಿ ಬೇಯಿಸಿದ ಬೀನ್ಸು, ಒಂದರಲ್ಲಿ ರೊಟ್ಟಿ. ಪಕ್ಕದ ಸಂದಿಯಲ್ಲಿ ನಾಣ್ಯ ಹಾಕಿ ಗುಂಡಿ ತಿರುಗಿಸಿದರೆ ಬಾಗಿಲು ತೆರೆದುಕೊಳ್ಳುತ್ತದೆ. ತಟ್ಟೆ ತೆಗೆದುಕೊಂಡ ಮೇಲೆ ಹಿಂದಿನಿಂದ ಯಾರದೋ ಕೈ ಮತ್ತೊಂದನ್ನು ತಂದಿಡುತ್ತದೆ. ಕೈ ಮಾತ್ರ, ಮುಖ ಕಾಣುವುದಿಲ್ಲ. ಕಾಫಿ ಬೀಳುವುದು ಮೀನಿನ ಬಾಯಿಯಂಥ ಹಿತ್ತಾಳೆಯ ನಲ್ಲಿಯಿಂದ. ಕೋಟು ಹಾಕಿದ ಮುದುಕರು, ಟೈಪು ಮಾಡುವ ಹುಡುಗಿಯರು, ಕೆಲಸವಿಲ್ಲದವರು, ಹಡಗಿನವರು, ಎಲ್ಲರೂ ಅದೇ ಮೇಜುಗಳಲ್ಲಿ. ಒಂದು ಕಾಲದಲ್ಲಿ ಆ ಊರಿನ ತುಂಬ ಅಂಥವು ಇದ್ದವಂತೆ, ಇಡೀ ಅಮೆರಿಕಕ್ಕೇ ಬೇಗ ಬೇಗ ತಿಂದು ಏಳುವುದನ್ನು ಕಲಿಸಿದ್ದೇ ಅವಂತೆ. ಅಣ್ಣ ನೋಡುವ ಹೊತ್ತಿಗೆ ಒಂದೆರಡೇ ಉಳಿದಿದ್ದವು; ಅವುಗಳಲ್ಲೂ ಕೆಲವು ಗುಂಡಿಗಳು ತಿರುಗುತ್ತಿರಲಿಲ್ಲ, ಕಾಫಿಯ ರುಚಿಯೂ ಹೋಗಿತ್ತು. ಅದನ್ನೆಲ್ಲ ಅವನೇ ಹೇಳುತ್ತಿದ್ದ. ಹೇಳಿ, ಕೊನೆಗೆ ಯಾವಾಗಲೂ ಒಂದೇ ಮಾತಿಗೆ ಬಂದು ನಿಲ್ಲುತ್ತಿದ್ದ.

"ಆ ದಿನ, ಮಗಾ, ನನಗೆ ಬೇಕಾದ್ದನ್ನೇ ತಿಂದೆ. ಯಾರ ಹತ್ರವೂ ಬಾಯಿ ಬಿಡ್ಲಿಕ್ಕಿರಲಿಲ್ಲ."

ನನಗೆ ಅದು ವಿಚಿತ್ರ ಅನ್ನಿಸಲಿಲ್ಲ. ನಾನು ಓದಿದ್ದು ಮಂಗಳೂರಿನಲ್ಲಿ, ಸಿಸ್ಟರುಗಳ ಹಾಸ್ಟೆಲಿನಲ್ಲಿದ್ದುಕೊಂಡು. ಅಲ್ಲಿ ಗಂಟೆ ಹೊಡೆದ ಮೇಲೆ ಊಟದ ಕೋಣೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಉಪ್ಪು ಬೇಕಾದರೆ ಬೆರಳು, ನೀರು ಬೇಕಾದರೆ ಮುಷ್ಟಿ. ಬೇರೆ ಹುಡುಗಿಯರು ಅದನ್ನು ಶಿಕ್ಷೆಯೆಂದು ತಿಳಿದಿದ್ದರು. ನನಗೆ ಅದು ದಿನದ ಒಳ್ಳೆಯ ಹೊತ್ತಾಗಿತ್ತು. ಚಮಚ ತಟ್ಟೆಗೆ ತಾಗುವ ಸದ್ದು, ಕಿಟಕಿಯ ಆಚೆ ಕಾಗೆ. ಒಂದೇ ಮನೆಯ ಇಬ್ಬರು ಮಕ್ಕಳು, ಬೇರೆ ಬೇರೆ ದಾರಿಯಿಂದ ಹೋಗಿ, ಸುಮ್ಮನೆ ಉಣ್ಣುವುದೇ ಸುಖವೆಂದು ಕಲಿತು ಬಂದಿದ್ದೆವು. ಜಗತ್ತಿನಲ್ಲಿ ಉಳಿದವರಿಗೂ ಹಾಗೇ ಇರಬೇಕು ಅಂದುಕೊಂಡಿದ್ದೆವು.

ಮದುವೆಯಾಗಿ ನಾನು ಒಮಾನಿಗೆ ಬಂದ ಮೇಲೆ ಅವನೂ ಹಡಗು ಬಿಟ್ಟು ಇಲ್ಲಿಗೆ ಬಂದ. ಮರುಭೂಮಿಯ ನಡುವಿನ ಕ್ಯಾಂಪುಗಳಲ್ಲಿ, ಎಣ್ಣೆ ಕಂಪನಿಗಳ ಮೆಸ್ಸಿನಲ್ಲಿ ವರ್ಷಾನುಗಟ್ಟಲೆ ಅಡುಗೆ ಮಾಡಿದ. ರಜೆಗೆ ನಮ್ಮಲ್ಲಿಗೆ ಬಂದಾಗ ಕೂದಲಿನಲ್ಲೂ ಮರಳಿರುತ್ತಿತ್ತು. ತೊಂಬತ್ತರ ಮೊದಲ ವರ್ಷಗಳಲ್ಲಿ ಒಂದು ಸಲ ಹಾಗೆ ಬಂದಿದ್ದಾಗ, ಇಲ್ಲಿಯ ಇಂಗ್ಲಿಷ್ ಪೇಪರಿನ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿಯೊಂದು ನನ್ನ ಕಣ್ಣಿಗೆ ಬಿತ್ತು. ನ್ಯೂಯಾರ್ಕಿನಲ್ಲಿ ಉಳಿದಿದ್ದ ಆ ಬಗೆಯ ಕೊನೆಯ ಹೋಟೆಲೂ ಮುಚ್ಚಿತಂತೆ. ಅಂಥವು ಇದ್ದ ಕೆಲವು ಕಡೆ ಈಗಾಗಲೇ ಬರ್ಗರಿನ ಅಂಗಡಿಗಳು ಬಂದಿವೆಯಂತೆ. ಗಟ್ಟಿಯಾಗಿ ಓದಿದೆ. ಅಣ್ಣ ಇನ್ನೊಮ್ಮೆ ಓದು ಎಂದ. ಓದಿದೆ. ಅವನು ಕುಬ್ಬೂಸ್ ರೊಟ್ಟಿಯ ಚೂರನ್ನು ಸಾರಿನಲ್ಲಿ ಅದ್ದಿ ಹಾಗೇ ಹಿಡಿದುಕೊಂಡಿದ್ದ, ಅದು ನೆನೆದು ತಟ್ಟೆಗೆ ಬಿತ್ತು.

"ಅಲ್ಲಿ ಮುಚ್ಚಿದ್ರೆ ಇಲ್ಲಿ ತೆಗಿಯುವ," ಎಂದ.

ಅವನ ಲೆಕ್ಕಾಚಾರ ಹೀಗಿತ್ತು. ಶುಕ್ರವಾರ ಬಂತೆಂದರೆ ರುಸೈಲಿನ ಕಾರ್ಖಾನೆಗಳಿಂದ ಬಸ್ಸುಗಟ್ಟಲೆ ಜನ ರೂವಿಗೆ ಬರುತ್ತಾರೆ. ಬಂಗಾಳಿ, ತಮಿಳು, ಸಿಂಹಳ, ಪಠಾಣ. ಹೊಸದಾಗಿ ಬಂದವನಿಗೆ ಅರಬ್ಬಿಯೂ ಬಾರದು, ಹಿಂದಿಯೂ ಬಾರದು. ಹೋಟೆಲಿಗೆ ಹೋದರೆ ಪಕ್ಕದವನ ತಟ್ಟೆ ತೋರಿಸಿ ಅದೇ ಕೊಡು ಎಂದು ಸನ್ನೆ ಮಾಡುತ್ತಾನೆ, ಮಾಣಿ ನಗುತ್ತಾನೆ. ಗಾಜಿನ ಬಾಗಿಲಿದ್ದರೆ ಯಾರೂ ನಗುವ ಹಾಗಿಲ್ಲ. ಇದನ್ನು ಹೇಳುವಾಗ ಅವನಿಗೆ ಒಂದಕ್ಷರವೂ ತಡೆಯಲಿಲ್ಲ. ಕ್ಯಾಂಪಿನ ಕೆಲಸ ಬಿಟ್ಟುಬಿಟ್ಟ. ಇದು ನಡೆಯದಿದ್ದರೆ ಮತ್ತೆ ಮರಳಿಗೇ ಹೋಗಬೇಕು, ಈ ವಯಸ್ಸಿನಲ್ಲಿ ಮತ್ತೆ ಟೆಂಟಿನಂಥ ಕೋಣೆ, ಮತ್ತೆ ಜನರೇಟರಿನ ಸದ್ದು. ಅದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆ ವಿಷಯ ಯಾರೂ ತೆಗೆಯುತ್ತಿರಲಿಲ್ಲ.

ನಾಣ್ಯ ಹಾಕುವ ಯಂತ್ರ ಮಾಡಿಕೊಡುವುದು ಇಲ್ಲಿ ಯಾರಿಂದಲೂ ಆಗಲಿಲ್ಲ. ರುಸೈಲಿನಲ್ಲಿ ಮನೆಗಳಿಗೆ ಅಲ್ಯೂಮಿನಿಯಂ ಕಿಟಕಿ ಮಾಡುವ ಕಾರ್ಖಾನೆಯೊಂದರಲ್ಲಿ ಗೋಡೆಯನ್ನು ಮಾತ್ರ ಮಾಡಿಸಿದ. ಬೇಕಾದ ಬಾಗಿಲು ತೆರೆದು ತಟ್ಟೆ ತೆಗೆದುಕೊಳ್ಳುವುದು, ಹೋಗುವಾಗ ಬಾಗಿಲ ಬಳಿ ಅವನಿಗೆ ದುಡ್ಡು ಕೊಡುವುದು. ಗೋಡೆ ಕೂರಿಸಿದ ದಿನ ನಾವೆಲ್ಲ ನೋಡಲು ಹೋಗಿದ್ದೆವು. ಮಸ್ಕತ್ತಿನಲ್ಲಿ ಮನೆಗೆ ಟಪಾಲು ಬರುವುದಿಲ್ಲ. ಪೋಸ್ಟಾಫೀಸಿನ ಗೋಡೆಯಲ್ಲಿ ಸಾಲು ಸಾಲು ಪುಟ್ಟ ಬಾಗಿಲುಗಳು, ನಮ್ಮದಕ್ಕೆ ನಾವೇ ಬೀಗ ತೆಗೆದು ಕಾಗದ ತರಬೇಕು. ನನ್ನ ಮಗಳು ಗೋಡೆಯನ್ನು ಒಮ್ಮೆ ನೋಡಿ, "ಮಮ್ಮಿ, ಇಟ್ಸ್ ಜಸ್ಟ್ ಲೈಕ್ ಪಿ.ಓ. ಬಾಕ್ಸ್," ಎಂದಳು. ಅಣ್ಣನಿಗೆ ಎಷ್ಟು ಖುಷಿಯಾಯಿತೆಂದರೆ ಅವಳನ್ನು ಎತ್ತಿಕೊಂಡು ಎಲ್ಲಕ್ಕಿಂತ ಮೇಲಿನ ಬಾಗಿಲನ್ನು ತೆರೆಸಿದ. ಇವರು ಮಾತ್ರ ಗಡ್ಡ ಕೆರೆದುಕೊಂಡು, "ಭಾವ, ನಿಮ್ಮ ಹೋಟ್ಲಲ್ಲಿ ಅಡಿಗೆಯವ ಊರಿಗೆ ಹೋದ್ರೂ ಗಿರಾಕಿಗೆ ಗೊತ್ತಾಗ್ಲಿಕ್ಕಿಲ್ಲ," ಎಂದು ತಮಾಷೆ ಮಾಡಿದರು. ಅಣ್ಣ ನಕ್ಕ. ಅದೇ ಅಲ್ಲವಾ ಬೇಕಾದದ್ದು, ಎಂದ.

ಆ ಶುಕ್ರವಾರ ಇವರು ಮಕ್ಕಳ ಜೊತೆ ಮನೆಯಲ್ಲಿ ಉಳಿದರು. ಹಿಟ್ಟಿನ ಪಾತ್ರೆಯನ್ನು ಟ್ಯಾಕ್ಸಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ನಾನು ಹೋದೆ. ಗೋಡೆಯ ಹಿಂದಿನ ಅಡುಗೆಮನೆಯಲ್ಲಿ ಇಬ್ಬರು ಅಡುಗೆಯವರು ಆಗಲೇ ಇಡ್ಲಿ ಇಳಿಸುತ್ತಿದ್ದರು. ಅಣ್ಣ ಹೊಸ ಶರ್ಟು ಹಾಕಿದ್ದ, ಕಾಲರಿನ ಒಳಗೆ ಅಂಗಡಿಯ ಗುಂಡುಸೂಜಿ ಹಾಗೇ ಉಳಿದಿತ್ತು. ತೆಗೆದುಕೊಟ್ಟೆ. ಮೊದಲ ಬಾಗಿಲಿನಲ್ಲಿ ಗೋಳಿಬಜೆಯನ್ನೇ ಇಡಬೇಕೆಂದು ಹೇಳಿದ, ತಾನೇ ಇಟ್ಟ. ಮತ್ತೆ ನಮ್ಮೆಲ್ಲರಿಗೂ ಒಂದೇ ಕಟ್ಟಪ್ಪಣೆ: ಯಾರೂ ಹೊರಗೆ ಬರಬಾರದು, ಗಿರಾಕಿಯ ತಲೆಯ ಮೇಲೆ ಯಾರೂ ನಿಲ್ಲಬಾರದು. ತಾನೂ ಹೊರಬಾಗಿಲಿನ ಪಕ್ಕ ಕಂಬದ ಮರೆಗೆ ಸಣ್ಣ ಮೇಜು ಹಾಕಿಕೊಂಡು, ತಿನ್ನುವವರಿಗೆ ಸಂಕೋಚವಾಗಬಾರದೆಂದು ರಸ್ತೆಯ ಕಡೆ ಮುಖ ಮಾಡಿ ಕೂತ.

ನಾನು ಹಿಂದಿನಿಂದ ತಟ್ಟೆ ಇಡುವ ಕೆಲಸಕ್ಕೆ ನಿಂತೆ. ಇಷ್ಟು ವರ್ಷ ಕೇಳುತ್ತ ಬಂದಿದ್ದ ಆ ಮುಖವಿಲ್ಲದ ಕೈ ಈಗ ನನ್ನದಾಗಿತ್ತು. ಒಂದು ವಿಷಯ ಯಾರ ಯೋಚನೆಗೂ ಬಂದಿರಲಿಲ್ಲ. ನ್ಯೂಯಾರ್ಕಿನ ಬಾಗಿಲುಗಳ ಹಿಂದೆ ಏನಿತ್ತೋ, ನಮ್ಮದರಲ್ಲಿ ಇದ್ದದ್ದು ಹಬೆಯಾಡುವ ಇಡ್ಲಿ, ಆಗಷ್ಟೇ ಎಣ್ಣೆಯಿಂದ ತೆಗೆದ ಬಜೆ, ಬಿಸಿ ಸಾಂಬಾರು. ಆಚೆ ಏಸಿಯ ತಂಪು. ತಟ್ಟೆ ಇಟ್ಟು ಬಾಗಿಲು ಮುಚ್ಚಿದ ಕೂಡಲೇ ಗಾಜಿನ ಮೇಲೆ ಮಂಜು ಕಟ್ಟುತ್ತಿತ್ತು. ಹಳೆಯ ಕಾಟನ್ ಬಟ್ಟೆಯಿಂದ ಒರೆಸಿದೆ. ಕೊನೆಯದನ್ನು ಒರೆಸುವಷ್ಟರಲ್ಲಿ ಮೊದಲನೆಯದು ಬೆಳ್ಳಗಾಗಿರುತ್ತಿತ್ತು.

ಆ ಮಂಜಿನ ಮೂಲಕವೇ ನಾನು ಹೊರಗಿನ ಜನರನ್ನು ಕಂಡದ್ದು. ಮೂವರು ಬಂಗಾಳಿ ಕೆಲಸಗಾರರು ಬಂದು, ಒಂದೊಂದೇ ಬಾಗಿಲು ತೆರೆದು ಮುಚ್ಚಿ, ಒಬ್ಬರನ್ನೊಬ್ಬರು ದೂಡಿ ನಕ್ಕು, ಏನೂ ತೆಗೆದುಕೊಳ್ಳದೆ ಹೋದರು. ಒಂದು ಸಂಸಾರ ಬಂದು ಎರಡನೆಯ ಮೇಜಿನಲ್ಲಿ ಕೂತಿತು. ಮುಖ ಕಾಣಲಿಲ್ಲ, ಅರಿಶಿನ ಬಣ್ಣದ ಸೀರೆಯೊಂದು, ಪಕ್ಕದಲ್ಲಿ ಬಿಳಿ ಶರ್ಟು, ನಡುವೆ ಮೇಜಿನ ಮೇಲೆ ಎರಡು ಕೈಯಿಂದ ತಾಳ ಹಾಕುವ ಮಗು. ಈಗ ಏಳುತ್ತಾರೆ, ಗೋಡೆಯ ಹತ್ತಿರ ಬರುತ್ತಾರೆ, ಮೊದಲ ಬಾಗಿಲನ್ನು ತೆರೆಯುತ್ತಾರೆ ಎಂದು ನಾನು ಬಜೆಯ ಎರಡನೆಯ ತಟ್ಟೆಯನ್ನು ಕೈಯಲ್ಲಿ ಹಿಡಿದೇ ನಿಂತಿದ್ದೆ. ಅರಿಶಿನ ಬಣ್ಣ ಒಮ್ಮೆ ಆಚೆ ತಿರುಗಿತು, ಒಮ್ಮೆ ಈಚೆ ತಿರುಗಿತು. ಆಮೇಲೆ ಮೂವರೂ ಎದ್ದರು, ಬಾಗಿಲಿನ ಕಡೆಗೆ ಹೋದರು. ಕೈಯಲ್ಲಿದ್ದ ಬಜೆ ತಣ್ಣಗಾಗಿತ್ತು.

ಅಣ್ಣನ ಕಫೀಲ್, ಅಂದರೆ ಯಾರ ಹೆಸರಿನಲ್ಲಿ ಅವನ ಲೈಸೆನ್ಸು, ವೀಸಾ ಎಲ್ಲ ಇತ್ತೋ ಆ ಒಮಾನಿ ಹಿರಿಯರು, ಊರುಗೋಲು ಊರಿಕೊಂಡು ಬಂದರು. ಮೇಜಿನಲ್ಲಿ ಕೂತು, ಕೋಲನ್ನು ಕುರ್ಚಿಗೆ ಒರಗಿಸಿ, ಎರಡೂ ಕೈ ಮಡಚಿಕೊಂಡು ಸುಮ್ಮನೆ ನೋಡುತ್ತ ಉಳಿದರು. ಅಣ್ಣ ಕಂಬದ ಮರೆಯಿಂದ ಧಡಕ್ಕನೆ ಎದ್ದ. ಅಷ್ಟು ಹಿರಿಯರು ತಾವೇ ಎದ್ದು ಗೋಡೆಯ ಬಾಗಿಲು ತೆರೆಯುವುದನ್ನು ನೋಡಲು ಅವನಿಂದಾಗಲಿಲ್ಲ. ತಾನೇ ತಟ್ಟೆ ತೆಗೆದು, ನೀರು ತಂದಿಟ್ಟು, ಕಾಫಿ ತಂದಿಟ್ಟು, ಅವರು ಮುಗಿಸುವವರೆಗೂ ಪಕ್ಕದಲ್ಲೇ ನಿಂತ. ಅವರು ಸಂತೋಷದಿಂದ ತಿಂದರು, ಅವನ ಭುಜ ತಟ್ಟಿ ಹೋದರು. ಆ ಬೆಳಿಗ್ಗೆ ಆ ಹೋಟೆಲಿನಲ್ಲಿ ಬಡಿಸಿಕೊಂಡು ತಿಂದವರು ಅವರೊಬ್ಬರೇ.

ತಾನೇ ತೆಗೆದುಕೊಂಡು ತಿಂದವನೂ ಒಬ್ಬನಿದ್ದ. ನೀಲಿ ಕಂಪನಿ ಬಟ್ಟೆಯವನು, ತೆಳ್ಳಗಿನವನು, ಒಬ್ಬನೇ ಬಂದ. ಮಂಜು ಕಟ್ಟಿದ ಬಾಗಿಲನ್ನು ತೆರೆದು ಒಳಗೆ ಬಗ್ಗಿ ನೋಡಿದ. ಆಗ ಅವನ ಕಣ್ಣು ನನಗೆ ತೀರಾ ಹತ್ತಿರದಲ್ಲಿ ಕಂಡಿತು, ಅವನಿಗೆ ನಾನು ಕಂಡೆನೋ ಇಲ್ಲವೋ. ಗೋಳಿಬಜೆ ತೆಗೆದುಕೊಂಡು ಮೂಲೆಯಲ್ಲಿ ಕೂತು ನಿಧಾನವಾಗಿ ತಿಂದ. ಮತ್ತೆ ಎದ್ದು ಬಂದು ಇನ್ನೊಂದು ತಟ್ಟೆ ತೆಗೆದುಕೊಂಡ. ಹೋಗುವಾಗ ದುಡ್ಡು ಕೊಟ್ಟು, ಒಂದು ಮಾತೂ ಆಡದೆ, ಅಣ್ಣನಿಗೆ ತಲೆಬಾಗಿ ಹೋದನಂತೆ. ಯಾವ ಊರಿನವನು, ಯಾವ ಭಾಷೆಯವನು, ನಮಗೆ ಗೊತ್ತಾಗಲೇ ಇಲ್ಲ. ಅಣ್ಣ ಮುಂದೆ ಎಷ್ಟೋ ವರ್ಷ ಅವನ ಮಾತೆತ್ತುತ್ತಿದ್ದ, ಆಪ್ತ ಸ್ನೇಹಿತನೊಬ್ಬನ ಸುದ್ದಿಯಂತೆ.

ಮಧ್ಯಾಹ್ನದ ನಮಾಜಿಗೆಂದು ಬೀದಿಯ ಅಂಗಡಿಗಳೆಲ್ಲ ಬಾಗಿಲು ಎಳೆದುಕೊಂಡಾಗ ನಮ್ಮದನ್ನೂ ಮುಚ್ಚಿದೆವು. ಅಡುಗೆಯವರು ಉಳಿದ ಇಡ್ಲಿಗಳನ್ನು ಪಾತ್ರೆಗೆ ತುಂಬತೊಡಗಿದರು. ಅಣ್ಣ ಒಳಗೆ ಬಂದ. ಅವನ ಮುಖ ಬೆಳಗುತ್ತಿತ್ತು, ಅದನ್ನು ನಾನು ಇವತ್ತಿಗೂ ಮರೆಯಲಾರೆ.

"ಜನ ಬಂದ್ರು, ಕೂತ್ರು, ಒಂದು ಗಲಾಟೆ ಇಲ್ಲ. ಎಷ್ಟು ಶಾಂತ ಇತ್ತು, ಕೇಳಿದಿಯಾ ಮಗಾ?"

ಯಾರೂ ತಿನ್ನಲಿಲ್ಲವಲ್ಲ ಅಣ್ಣ ಎಂದೆ. ಇವತ್ತು ನೋಡಲು ಬಂದರು, ನೋಡಿದ ಮೇಲೆ ತಿನ್ನಲು ಬರುತ್ತಾರೆ ಎಂದ. ಗಾಜಿಗೆ ಸಣ್ಣ ತೂತು ಹೊಡೆಸಿದರೆ ಹಬೆ ನಿಲ್ಲಲಿಕ್ಕಿಲ್ಲ ಎಂದ. ನಾನೂ ಹೌದು ಎಂದೆ. ನಿಜವಾಗಿ ನಾನೂ ಹಬೆಯೇ ಕಾರಣ ಅಂದುಕೊಂಡಿದ್ದೆ. ನಾವಿಬ್ಬರೂ ಗೋಡೆಯ ಹಿಂದೆ ಸ್ಟೂಲಿನ ಮೇಲೆ ಕೂತು, ತಣ್ಣಗಾದ ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದಿ ತಿಂದೆವು. ಹುಳಿ ಸರಿಯಾಗಿತ್ತು, ಒಳಗೆ ಹತ್ತಿಯ ಹಾಗೆ ಮೆತ್ತಗಿತ್ತು. ಊರಿನದಕ್ಕಿಂತ ಒಳ್ಳೆಯದುಂಟು ಎಂದು ಅಣ್ಣ ಹೇಳಿದ. ಇಬ್ಬರೂ ಮತ್ತೇನೂ ಮಾತಾಡಲಿಲ್ಲ. ಆ ಹೋಟೆಲಿನಲ್ಲಿ ನಾನು ಉಂಡ ಊಟಗಳಲ್ಲಿ ನೆನಪಿರುವುದು ಅದೊಂದೇ.

ಮುಂದಿನದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗಾಜಿಗೆ ತೂತು ಹೊಡೆಸಿದ, ಹಬೆ ಹೋಯಿತು, ಜನ ಬರಲಿಲ್ಲ. ಕಾರಣವೇನೆಂದು ತಿಳಿದ ಮೇಲೂ ಅವನು ಬದಲಾಯಿಸಲು ಒಪ್ಪಲಿಲ್ಲ. ಬದಲಾಯಿಸಿದರೆ ಅದು ಬೀದಿಯ ಉಳಿದ ಹೋಟೆಲುಗಳ ಹಾಗೇ ಆಗುತ್ತದಲ್ಲ, ಅದಕ್ಕೆ ನಾನ್ಯಾಕೆ ಎಂದ. ಬೇಸಿಗೆ ಏರುವ ಮೊದಲೇ ಬಾಗಿಲು ಹಾಕಿದ. ಆ ಜಾಗಕ್ಕೆ ದಿನಸಿ ಅಂಗಡಿಯವರು ಬಂದರು. ಗೋಡೆಯನ್ನು ಕೀಳುವ ಗೋಜಿಗೆ ಹೋಗದೆ ಅದರಲ್ಲೇ ಸೋಪು, ಬ್ಯಾಟರಿ ಸೆಲ್ಲು, ತಲೆಗೆಣ್ಣೆ ಜೋಡಿಸಿಟ್ಟರು. ಬಹಳ ದಿನ ನಾನು ಆ ಅಂಗಡಿಯ ಮುಂದೆ ಹೋಗದೆ ಬಳಸು ದಾರಿಯಲ್ಲಿ ನಡೆಯುತ್ತಿದ್ದೆ. ಒಮ್ಮೆ ಸೋಪು ಕೊಳ್ಳಲೇಬೇಕಾಗಿ ಬಂದು ಒಳಗೆ ಹೋದೆ. ಮೊದಲ ಬಾಗಿಲಿನಲ್ಲಿ ಬಟ್ಟೆಯ ಕ್ಲಿಪ್ಪುಗಳಿದ್ದವು. ಅಣ್ಣ ಮತ್ತೆ ಕ್ಯಾಂಪುಗಳಿಗೆ ಹೋದ. ಕೊನೆಗೆ ಸೂರ್ ಪಟ್ಟಣದ ಬಳಿ ಗ್ಯಾಸಿನ ಪ್ಲಾಂಟು ಕಟ್ಟುವಾಗ ಅಲ್ಲಿನ ಮೆಸ್ಸಿನಲ್ಲಿದ್ದ. ಅಲ್ಲಿ ಜನ ಟ್ರೇ ಹಿಡಿದು ಸಾಲಿನಲ್ಲಿ ಬರುತ್ತಾರೆ, ಹೆಚ್ಚು ಮಾತಿಲ್ಲ, ಪರವಾಗಿಲ್ಲ ಎಂದು ಫೋನಿನಲ್ಲಿ ಹೇಳುತ್ತಿದ್ದ. ಫೋನಿನಲ್ಲಿ ಅವನಿಗೆ ಮಾತು ತುಂಬ ತಡೆಯುತ್ತಿತ್ತು.

ಆ ಶುಕ್ರವಾರ ನಾನು ಮನೆಗೆ ಮರಳಿದಾಗ ಬಿಸಿಲು ಇಳಿದಿತ್ತು. ಮರುದಿನ ಶಾಲೆ, ಮಕ್ಕಳ ಯೂನಿಫಾರ್ಮು ಒಣಗಿದೆಯೋ ನೋಡಲು ತಾರಸಿಗೆ ಹೋದೆ. ಪಕ್ಕದ ಫ್ಲಾಟಿನ ಮೈಸೂರಿನವರೂ ಬಟ್ಟೆ ತೆಗೆಯುತ್ತಿದ್ದರು. ಒಳ್ಳೆಯ ಮನಸ್ಸಿನವರು, ಅಡುಗೆಮನೆಯಲ್ಲಿ ಏನು ಮಾಡಿದರೂ ಒಂದು ಬಟ್ಟಲು ನಮ್ಮ ಮನೆಗೆ ಬರುತ್ತಿತ್ತು. ನನ್ನನ್ನು ಕಂಡು ನಕ್ಕು, ಇಡೀ ದಿನ ಕಾಣಲೇ ಇಲ್ಲವಲ್ಲ, ಎಲ್ಲಿ ಹೋಗಿದ್ದಿರಿ ಎಂದು ಕೇಳಿದರು. ಅವರು ಇನ್ನೂ ಬೆಳಗಿನ ಸೀರೆಯಲ್ಲೇ ಇದ್ದರು. ಅದು ಅರಿಶಿನ ಬಣ್ಣದ್ದು.

ಅಣ್ಣನ ಹೋಟೆಲಿನಲ್ಲಿದ್ದೆ ಎಂದೆ.

"ಅಯ್ಯೋ, ಅಲ್ಲೇ ಇದ್ರಾ? ನಾವೂ ಬಂದಿದ್ವಲ್ರೀ ಬೆಳಿಗ್ಗೆ. ಕೂತೇ ಕೂತ್ವಿ, ಒಂದು ಲೋಟ ನೀರು ತಂದಿಡೋಕೂ ಯಾರೂ ಬರ್ಲಿಲ್ಲ. ಇನ್ನೂ ಶುರುವಾಗಿಲ್ವೇನೋ ಅಂದ್ಕೊಂಡು ಪಕ್ಕದ್ರಲ್ಲಿ ದೋಸೆ ತಿನ್ಕೊಂಡು ಬಂದ್ವಿ." ಒಣಗಿದ ಟವೆಲನ್ನು ಮಡಚಿ ಭುಜಕ್ಕೆ ಹಾಕಿಕೊಂಡು, ಮೆಟ್ಟಿಲಿಳಿಯುತ್ತ ಹೇಳಿದರು: "ಓಪನ್ ಆದಾಗ ಒಂದು ಮಾತು ಹೇಳಿ, ಎಲ್ರೂ ಬರ್ತೀವಿ."